ಅಪರೂಪದ ಸಿಹಿನೀರಾಮೆಗಳ ಸಾಕಣೆ ಮತ್ತು ವಂಶವೃದ್ಧಿ: ಉದಗೀರ, ನಿಲಂಗಾ, ಉಮರ್ಗಾ ಸೀಮೆ

ಅಪರೂಪವಾಗುತ್ತಿರುವ ನದಿ, ಕೆರೆಗಳ ಆಮೆಗಳನ್ನು ಮನುಷ್ಯರ ಆರೈಕೆಯಲ್ಲಿಟ್ಟು ಸಾಕುವುದು, ಅವು ಇಟ್ಟ ಮೊಟ್ಟೆಗಳಿಂದ ಮರಿ ಮಾಡಿಸುವುದು, ಮರಿಗಳನ್ನು ಬೆಳೆಸಿ ತಕ್ಕ ನೀರಿಗೆ ಬಿಡುವುದು ಇವೆಲ್ಲ ಸೇರಿದ ಸಂರಕ್ಷಣಾ ವಿಧಾನ ಇದು. ಮನೆಯ ಗಾಜಿನ ತೊಟ್ಟಿಯಲ್ಲಿ ಆಮೆ ಸಾಕುವ ಹವ್ಯಾಸಕ್ಕೂ ಇದಕ್ಕೂ ಗುರಿಯೇ ಬೇರೆ, ಕಾನೂನೂ ಬೇರೆ. ಭಾರತದಲ್ಲಿ ಈ ಕೆಲಸ ಗಂಗಾ, ಚಂಬಲ್ ಮತ್ತು ಸುಂದರಬನದ ಆಮೆಗಳ ಸುತ್ತ ಬೆಳೆದು ಬಂದಿದೆ. ದಖ್ಖನಿನ ನದಿಗಳ ಆಮೆಗಳಿಗೆ ಇದರಲ್ಲಿ ಸಿಕ್ಕ ಪಾಲು ಕಡಿಮೆ. ಕನ್ನಡ, ಮರಾಠಿಗಳೆರಡೂ ಬೆರೆತಿರುವ ಉದಗೀರ, ನಿಲಂಗಾ, ಉಮರ್ಗಾ ತಾಲ್ಲೂಕುಗಳಲ್ಲಿ ನಿಂತು ನೋಡಿದರೆ ಈ ಕೊರತೆ ಸ್ಪಷ್ಟವಾಗಿ ಕಾಣುತ್ತದೆ. ದಖ್ಖನಿಗೇ ಸೀಮಿತವಾದ, ಅಳಿವಿನ ತೀರಾ ಅಂಚಿಗೆ ಬಂದಿರುವ ಒಂದು ಆಮೆಯ ನದಿಗಳು ಹಾದುಹೋಗುವುದು ಈ ನಾಡಿನಲ್ಲೇ.

ಸೀಮೆ ಮತ್ತು ನೀರು

ಉದಗೀರ, ನಿಲಂಗಾ ಇಂದು ಲಾತೂರ ಜಿಲ್ಲೆಯಲ್ಲಿವೆ, ಉಮರ್ಗಾ ಧಾರಾಶಿವ (ಹಿಂದಿನ ಉಸ್ಮಾನಾಬಾದ) ಜಿಲ್ಲೆಯಲ್ಲಿದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉದಗೀರ, ನಿಲಂಗಾ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯ ಭಾಗವಾಗಿದ್ದವು. ಬಾಲಾಘಾಟ್ ಗುಡ್ಡಗಳಲ್ಲಿ ಹುಟ್ಟುವ ಮಾಂಜ್ರಾ ನದಿ ಲಾತೂರ ಜಿಲ್ಲೆಯನ್ನು ಹಾದು, ತೇರಣಾ ಹೊಳೆಯನ್ನು ಕೂಡಿಸಿಕೊಂಡು, ಬೀದರಿನ ಮೂಲಕ ತೆಲಂಗಾಣಕ್ಕೆ ಇಳಿದು ಗೋದಾವರಿ ಸೇರುತ್ತದೆ. ಬೀದರಿನಿಂದ ಕೆಳಗೆ ಅದರ ಹೆಸರು ಮಂಜೀರಾ. ಉದಗೀರ ಕಡೆಯ ಲೆಂಡಿ ಹೊಳೆಯ ನೀರೂ ಕೊನೆಗೆ ಅದಕ್ಕೇ ಸೇರುತ್ತದೆ. ಉಮರ್ಗಾ ಕಡೆಯ ಬೆಣ್ಣೆತೊರೆಯ ಹಾದಿ ಬೇರೆ. ಅದು ಕಲಬುರಗಿ ಜಿಲ್ಲೆಗೆ ಇಳಿದು, ಕಾಗಿಣಾ ಮತ್ತು ಭೀಮಾ ನದಿಗಳ ಮೂಲಕ ಕೃಷ್ಣೆಗೆ ಹೋಗುತ್ತದೆ. ಹೀಗೆ ಕೆಲವೇ ಹರಿದಾರಿಗಳ ಅಂತರದಲ್ಲಿ ಬಿದ್ದ ಮಳೆ ಎರಡು ದೊಡ್ಡ ನದಿಗಳ ಪಾಲಾಗುತ್ತದೆ. ಆಮೆಗಳ ವಂಶವೃದ್ಧಿಯ ಮಾತು ಬಂದಾಗ ಈ ನೀರಿನ ಗಡಿ ರಾಜ್ಯದ ಗಡಿಗಿಂತ ಮುಖ್ಯ.

ನೆಲ ಎರೆಮಣ್ಣಿನದು, ಮಳೆ ಅನಿಶ್ಚಿತ. 2016ರ ಬರಗಾಲದಲ್ಲಿ ಮಾಂಜ್ರಾ ಜಲಾಶಯ ಬತ್ತಿ, ಏಪ್ರಿಲ್ ತಿಂಗಳಿಂದ ಲಾತೂರ ನಗರಕ್ಕೆ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರು ತರಿಸಬೇಕಾಯಿತು. ಜನರಿಗೆ ನೀರು ತರಲು ರೈಲು ಇತ್ತು. ನದಿಯ ಮಡುಗಳಲ್ಲಿ ಬದುಕುವ ಜೀವಿಗಳಿಗೆ ಇನ್ನೊಂದು ದಾರಿ ಇರಲಿಲ್ಲ.

ಇಲ್ಲಿಯ ಆಮೆಗಳು

ಕೆರೆ, ಬಾವಿ, ಕಾಲುವೆಗಳಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವುದು ಲಿಸ್ಸೆಮಿಸ್ ಪಂಕ್ಟೇಟ. ಇದರ ಚಿಪ್ಪು ಮೆತ್ತಗಿನ ಚರ್ಮದಿಂದ ಮುಚ್ಚಿರುತ್ತದೆ. ಹೊಟ್ಟೆಯ ಕಡೆ ಹಿಂಗಾಲುಗಳನ್ನು ಮರೆಮಾಡುವ ಎರಡು ಮಡಿಕೆಗಳಿರುತ್ತವೆ. ಕೆರೆ ಒಣಗಿದರೆ ಕೆಸರಿನೊಳಗೆ ಹುದುಗಿ ಮಳೆಗಾಲದವರೆಗೆ ಕಾಯಬಲ್ಲ ಈ ಆಮೆ ಬರಗಾಲದ ನಾಡಿಗೆ ಚೆನ್ನಾಗಿ ಒಗ್ಗಿದೆ. ಗಟ್ಟಿ ಚಿಪ್ಪಿನ ಕಪ್ಪು ಆಮೆ (ಮೆಲಾನೊಕೆಲಿಸ್ ಟ್ರೈಜುಗ) ದಕ್ಷಿಣ ಭಾರತದ ಕೆರೆಕುಂಟೆಗಳಲ್ಲೆಲ್ಲ ಇದೆ. ಬೆನ್ನು ನಡುವೆ ಎತ್ತರವಾಗಿ ಏಣಿನಂತಿರುವ ಪಂಗ್ಶುರ ಟೆಂಟೋರಿಯ ಗೋದಾವರಿ, ಕೃಷ್ಣಾ ಕೊಳ್ಳಗಳ ಹರಿಯುವ ನೀರಿನದು.

ಇವೆಲ್ಲಕ್ಕಿಂತ ಅಪರೂಪದ್ದು ಲೀತ್‌ನ ಮೃದುಚಿಪ್ಪಿನ ಆಮೆ, ನಿಲ್ಸೋನಿಯ ಲೀತಿಯೈ. ಬ್ರಿಟಿಷ್ ಮ್ಯೂಸಿಯಂನ ಜಾನ್ ಎಡ್ವರ್ಡ್ ಗ್ರೇ 1872ರಲ್ಲಿ ಪುಣೆಯಿಂದ ಬಂದ ಮಾದರಿಯನ್ನು ನೋಡಿ ಇದನ್ನು ವರ್ಣಿಸಿದರು. ಮುಂಬಯಿಯಲ್ಲಿದ್ದ ವೈದ್ಯ ಆಂಡ್ರ್ಯೂ ಲೀತ್ ಅವರ ಹೆಸರು ಇದಕ್ಕೆ ಬಂತು. ಇದು ಭಾರತದ ಪರ್ಯಾಯ ದ್ವೀಪದ ನದಿಗಳಲ್ಲಿ ಮಾತ್ರ ಇದೆ: ಗೋದಾವರಿ, ಭೀಮಾ, ಕೃಷ್ಣಾ, ತುಂಗಭದ್ರಾ, ಕಾವೇರಿ. ಬೆಳೆದ ಆಮೆಯ ಬೆನ್ನುಚಿಪ್ಪು 60 ಸೆಂ.ಮೀ. ದಾಟುತ್ತದೆ. ಮರಿಯ ಬೆನ್ನ ಮೇಲೆ ಕಣ್ಣಿನ ಆಕಾರದ ನಾಲ್ಕರಿಂದ ಆರು ಗುರುತುಗಳಿರುತ್ತವೆ, ಬೆಳೆದಂತೆ ಅವು ಮಾಸುತ್ತವೆ. ಮೀನು, ಏಡಿ, ಬಸವನಹುಳು, ಸತ್ತ ಪ್ರಾಣಿಗಳ ಮಾಂಸ ಇದರ ಆಹಾರ. ಕೆಸರಿನಲ್ಲಿ ಹುದುಗಿ ಬರ ಕಳೆಯುವ ಲಿಸ್ಸೆಮಿಸ್‌ನ ಹಾಗಲ್ಲ, ಇದಕ್ಕೆ ವರ್ಷವಿಡೀ ಆಳವಾದ ಮಡು ಬೇಕು, ಮೊಟ್ಟೆಗೆ ದಂಡೆ ಬೇಕು. ಅಣೆಕಟ್ಟು, ಮರಳುಗಾರಿಕೆ, ಮಾಂಸಕ್ಕಾಗಿ ಬೇಟೆ, ಮೀನಿನ ಬಲೆ ಇವೆಲ್ಲ ಒಟ್ಟಾಗಿ ಇದನ್ನು ಮುಗಿಸುತ್ತ ಬಂದಿವೆ. 2021ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಇದನ್ನು ‘ಅತಿ ಗಂಭೀರ ಅಪಾಯ’ದ ವರ್ಗಕ್ಕೆ ಸೇರಿಸಿತು. 2022ರ ನವೆಂಬರಿನಲ್ಲಿ ಪನಾಮದಲ್ಲಿ ನಡೆದ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಸಮಾವೇಶ ಭಾರತದ ಪ್ರಸ್ತಾಪವನ್ನು ಒಪ್ಪಿ, ಇದನ್ನು ಎರಡನೆಯ ಅನುಬಂಧದಿಂದ ಮೊದಲನೆಯದಕ್ಕೆ ಏರಿಸಿ, ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಿತು.

ಅಡುಗೆಮನೆ, ದೇವಾಲಯ, ಬಾವಿ

ಉಮರ್ಗಾಕ್ಕೆ ಹತ್ತಿರದ ಕಲ್ಯಾಣ, ಇಂದಿನ ಬಸವಕಲ್ಯಾಣ, ಚಾಲುಕ್ಯರ ರಾಜಧಾನಿಯಾಗಿತ್ತು. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಯಿಸಿದ ಮಾನಸೋಲ್ಲಾಸದಲ್ಲಿ ಮೀನು ಹಿಡಿಯುವ ವಿನೋದಕ್ಕೆ ಒಂದು ಪ್ರಕರಣವೇ ಇದೆ; ಅರಮನೆಯ ಭೋಜನದ ಭಾಗದಲ್ಲಿ ಆಮೆಯ ಮಾಂಸದ ಅಡುಗೆಯೂ ಬರುತ್ತದೆ. ಅದೇ ಕಾಲದ ಶಿಲ್ಪಿಗಳು ಉಮರ್ಗಾ, ನಿಲಂಗಾಗಳಲ್ಲಿ ಶಿವಾಲಯಗಳನ್ನು ಕಟ್ಟಿದರು. ಮರಾಠವಾಡದ ಅನೇಕ ದೇವಾಲಯಗಳಲ್ಲಿ ಮಂಟಪದ ನೆಲದಲ್ಲಿ, ಗರ್ಭಗುಡಿಯ ಎದುರಿಗೆ, ಕಲ್ಲಿನ ಆಮೆಯೊಂದು ಇರುತ್ತದೆ. ಪೂಜೆ ಮತ್ತು ಬೇಟೆ ಎರಡೂ ಈ ನಾಡಿನಲ್ಲಿ ಜೊತೆಯಾಗಿಯೇ ನಡೆದುಬಂದಿವೆ.

ಆಮೆಯನ್ನು ಕೂಡಿಟ್ಟು ಸಾಕುವ ಹಳೆಯ ರೂಢಿಯೆಂದರೆ ಬಾವಿಗೆ ಬಿಡುವುದು. ನೀರು ಶುದ್ಧವಾಗಿರುತ್ತದೆ, ಹುಳ ತಿನ್ನುತ್ತದೆ ಎಂಬ ನಂಬಿಕೆಯಿಂದ ದಕ್ಷಿಣ ಭಾರತದ ಅನೇಕ ಕಡೆ ಕಪ್ಪು ಆಮೆ ಅಥವಾ ಲಿಸ್ಸೆಮಿಸ್ ಅನ್ನು ಬಾವಿಗೆ ಬಿಡುತ್ತ ಬಂದಿದ್ದಾರೆ. ಕಟ್ಟಿದ ಬಾವಿಯಲ್ಲಿ ಆಮೆ ವರ್ಷಗಟ್ಟಲೆ ಬದುಕಿರುತ್ತದೆ ನಿಜ. ಆದರೆ ಬಿಸಿಲು ಕಾಯಲು, ಮೊಟ್ಟೆ ಇಡಲು ಅಲ್ಲಿ ಜಾಗವಿಲ್ಲ. ವಂಶದ ಲೆಕ್ಕದಲ್ಲಿ ಆ ಆಮೆ ನದಿಗೂ ಕೆರೆಗೂ ಇಲ್ಲವಾದಂತೆಯೇ.

ಗುಡಿಯ ಕೊಳಗಳ ಕಥೆ ಬೇರೆ. ಬಾಂಗ್ಲಾದೇಶದ ಚಿತ್ತಗಾಂಗಿನ ಬಾಯೆಜಿದ್ ಬೋಸ್ತಾಮಿ ದರ್ಗಾದ ಕೊಳದಲ್ಲಿ ಭಕ್ತರು ಸಾಕಿದ ಕಪ್ಪು ಮೃದುಚಿಪ್ಪಿನ ಆಮೆ ನಿಲ್ಸೋನಿಯ ನೈಗ್ರಿಕನ್ಸ್ ಲೀತ್ ಆಮೆಯ ಹತ್ತಿರದ ನಂಟ. 2002ರಲ್ಲಿ ಇದು ಕಾಡಿನಲ್ಲಿ ಅಳಿದುಹೋಗಿದೆ ಎಂದು ಘೋಷಿಸಿದ್ದರು. ಆಮೇಲೆ ಅಸ್ಸಾಮಿನ ದೇವಾಲಯಗಳ ಕೊಳಗಳಲ್ಲೂ ನದಿಗಳಲ್ಲೂ ಅದು ಇರುವುದು ತಿಳಿಯಿತು. ಹಾಜೋದ ಹಯಗ್ರೀವ ಮಾಧವ, ತ್ರಿಪುರಾದ ತ್ರಿಪುರೇಶ್ವರಿ ಗುಡಿಗಳ ಕೊಳಗಳಲ್ಲಿ ಅದು ಇದೆ. ಅಸ್ಸಾಮಿನ ಗುಡಿಗಳಲ್ಲಿ ಮೊಟ್ಟೆಗಳನ್ನು ಕಾಪಾಡಿ ಮರಿ ಮಾಡಿಸಿ ಕಾಡಿನ ನೀರಿಗೆ ಬಿಟ್ಟಿದ್ದಾರೆ. ಭಕ್ತಿಯಿಂದ ಉಳಿದ ಪ್ರಾಣಿಗೆ ವಿಜ್ಞಾನ ಮುಂದಿನ ದಾರಿ ತೋರಿಸಿದ ಉದಾಹರಣೆ ಇದು. ಕರ್ನಾಟಕದಲ್ಲಿ ಶೃಂಗೇರಿ, ಶಿಶಿಲ, ರಾಮನಾಥಪುರದಂಥ ದೇವರ ಮಡುಗಳು ಮೀನುಗಳನ್ನು ಇದೇ ರೀತಿ ಕಾಪಾಡಿಕೊಂಡು ಬಂದಿವೆ.

ಭಕ್ತಿಗೆ ವಿರುದ್ಧವಾದ ಇನ್ನೊಂದು ನಂಬಿಕೆಯೂ ಗಡಿಭಾಗದಲ್ಲಿದೆ. ಇಪ್ಪತ್ತು ಉಗುರಿನ ಆಮೆ ಸಿಕ್ಕರೆ ನಿಧಿ ತೋರಿಸುತ್ತದೆಂದು ಹೇಳಿ, ಎರಡು ತಲೆಯ ಹಾವೆಂದು ಕರೆಯುವ ಮಣ್ಣುಮುಕ್ಕನ ಜೊತೆಗೆ ಆಮೆಯನ್ನೂ ಮಾರುವ ಮೋಸದ ಜಾಲಗಳಿವೆ. ಮೃದುಚಿಪ್ಪಿನ ಆಮೆಗಳಿಗೆ ಪ್ರತಿ ಪಾದಕ್ಕೆ ಮೂರರಂತೆ ಹನ್ನೆರಡು ಉಗುರುಗಳು. ಕಪ್ಪು ಆಮೆಗೆ ಸಾಮಾನ್ಯವಾಗಿ ಮುಂದೆ ಐದೈದು, ಹಿಂದೆ ನಾಲ್ಕು ನಾಲ್ಕು. ಇಪ್ಪತ್ತನ್ನು ಹುಡುಕುವವರ ಕೈಗೆ ಸಿಕ್ಕು ಸಾಯುವುದು ಈ ಸಾಮಾನ್ಯ ಆಮೆಗಳೇ.

ಕಾವಲಿನ ವಂಶವೃದ್ಧಿ: ಎಲ್ಲಿ, ಹೇಗೆ

ತಡಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಚೀನಾದ ಯಾಂಗ್‌ಟ್ಸಿಯ ದೈತ್ಯ ಮೃದುಚಿಪ್ಪಿನ ಆಮೆಯ ಕಥೆ ಸಾಕ್ಷಿ. 2008ರಲ್ಲಿ ಚಾಂಗ್‌ಶಾ ಮೃಗಾಲಯದ ಹೆಣ್ಣನ್ನು ಸೂಝೋ ಮೃಗಾಲಯದ ಗಂಡಿನ ಬಳಿಗೆ ತಂದರು. ಅದು ಇಟ್ಟ ಮೊಟ್ಟೆಗಳೆಲ್ಲ ಬರಡಾದವು. ಕೃತಕ ಗರ್ಭಧಾರಣೆಯ ಪ್ರಯತ್ನಗಳೂ ಕೈಗೂಡದೆ, 2019ರ ಏಪ್ರಿಲಿನಲ್ಲಿ ಹೆಣ್ಣು ಸತ್ತಿತು. ಕೊನೆಯ ಒಂದು ಜೋಡಿ ಉಳಿದಾಗ ಶುರುಮಾಡುವ ಕೆಲಸ ಇದಲ್ಲ.

ಸುಂದರಬನದ ಬಟಾಗುರ್ ಬಾಸ್ಕ ಎಂಬ ಆಮೆ ಹಾಗೆ ಆಗದೆ ಉಳಿದದ್ದು ಒಂದು ಕೊಳದಿಂದ. ಪಶ್ಚಿಮ ಬಂಗಾಳದ ಸಜ್ನೇಖಾಲಿಯಲ್ಲಿ ಅರಣ್ಯ ಇಲಾಖೆಯ ಕೊಳದಲ್ಲಿ ಕೆಲವೇ ವಯಸ್ಕ ಆಮೆಗಳಿದ್ದುದು 2008ರಲ್ಲಿ ಬೆಳಕಿಗೆ ಬಂತು. ಹುಲಿ ಮೀಸಲು ಪ್ರದೇಶದ ಆಡಳಿತವೂ ಟರ್ಟಲ್ ಸರ್ವೈವಲ್ ಅಲಯನ್ಸ್ ಸಂಸ್ಥೆಯೂ ಸೇರಿ ದಂಡೆಗೆ ಮರಳು ಹಾಕಿಸಿ, ಗಂಡು ಹೆಣ್ಣುಗಳ ಪ್ರಮಾಣ ಸರಿಪಡಿಸಿದರು. 2012ರಲ್ಲಿ ಮರಿಗಳಾದವು. 2022ರ ಜನವರಿಯಲ್ಲಿ ಹತ್ತು ಆಮೆಗಳಿಗೆ ಉಪಗ್ರಹ ಸಂಪರ್ಕದ ಗುರುತು ಅಂಟಿಸಿ ನದಿಗೆ ಬಿಟ್ಟರು. ಕೆಲವು ಗಡಿ ದಾಟಿ ಬಾಂಗ್ಲಾದೇಶದ ನೀರಿಗೆ ಹೋದವು. ಇದೇ ಜಾತಿಯ ಮರಿಗಳು 2010ರಲ್ಲಿ ವಿಯೆನ್ನಾದ ಶೋನ್‌ಬ್ರುನ್ ಮೃಗಾಲಯದಲ್ಲೂ ಹುಟ್ಟಿದ್ದವು. ಚಂಬಲ್‌ನಲ್ಲಿ ಬಟಾಗುರ್ ಕಚುಗ ಎಂಬ ಆಮೆಯ ಗೂಡುಗಳನ್ನು ನದಿ ದಂಡೆಯ ಬೇಲಿಯೊಳಗೆ ತಂದು ಮರಿ ಮಾಡಿಸುತ್ತಾರೆ. ಲಕ್ನೋದ ಕುಕ್ರೈಲ್ ಕೇಂದ್ರ ಘಡಿಯಾಲದ ಜೊತೆಗೆ ಆಮೆಗಳ ಪುನರ್ವಸತಿಗೂ ಹೆಸರಾಗಿದೆ. ವಾರಾಣಸಿಯ ಕಥೆ ಇನ್ನೊಂದು ಬಗೆಯದು. ಗಂಗಾ ಶುದ್ಧೀಕರಣಕ್ಕೆಂದು ಸಾರನಾಥದಲ್ಲಿ ಬೆಳೆಸಿದ ಆಮೆಗಳಿಗೆ 1989ರಲ್ಲಿ ನದಿಯಲ್ಲೇ ಅಭಯಾರಣ್ಯ ಘೋಷಿಸಿದರು, 2020ರಲ್ಲಿ ಅದನ್ನು ರದ್ದುಮಾಡಿದರು. ಮರಿ ಬಿಡುವ ನೀರಿಗೆ ಶಾಶ್ವತ ರಕ್ಷಣೆ ಇಲ್ಲದಿದ್ದರೆ ಸಾಕಣೆ ಕೇಂದ್ರದ ಶ್ರಮಕ್ಕೆ ನೆಲೆಯಿರುವುದಿಲ್ಲ.

ಕನ್ನಡ ಸೀಮೆಗೆ ಹತ್ತಿರದ ಉದಾಹರಣೆ ಇನ್ನೊಂದು ಗಡಿಯದು, ಕಾಸರಗೋಡಿನದು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಕಾಸರಗೋಡಿನಲ್ಲಿ ಕಡಲು ಸೇರುವ ಚಂದ್ರಗಿರಿ ನದಿಯಲ್ಲಿ ಪೆಲೊಕೆಲಿಸ್ ಕ್ಯಾಂಟೊರಿ ಎಂಬ ದೈತ್ಯ ಮೃದುಚಿಪ್ಪಿನ ಆಮೆ ಇದೆ. ಮರಳಿನೊಳಗೆ ಹುದುಗಿ ಅಲುಗಾಡದೆ ಇರುವುದರಿಂದ ವಿಜ್ಞಾನಿಗಳ ಕಣ್ಣಿಗೆ ಅದು ಬೀಳುವುದೇ ಅಪರೂಪ. ಸಂಶೋಧಕಿ ಆಯುಷಿ ಜೈನ್ ಮತ್ತು ಸಂಗಡಿಗರು ನದಿಯ ಜನರನ್ನೇ, ಮೀನುಗಾರರನ್ನೇ ಮಾಹಿತಿಗೆ ಆಧಾರ ಮಾಡಿಕೊಂಡರು. ಭಾರತದಲ್ಲಿ ಮೊದಲ ಬಾರಿಗೆ ಈ ಆಮೆಯ ಗೂಡು ದಾಖಲಾಯಿತು. ನೀರು ನುಗ್ಗಿದ ಗೂಡಿನಿಂದ ಉಳಿಸಿದ ಮೊಟ್ಟೆಗಳಲ್ಲಿ ಮರಿಗಳಾಗಿ, ಅವನ್ನು ನದಿಗೆ ಬಿಟ್ಟರು. ಈ ಕೆಲಸದ ವರದಿ 2024ರಲ್ಲಿ ಓರಿಕ್ಸ್ ಪತ್ರಿಕೆಯಲ್ಲಿ ಬಂತು. ಮೊದಲು ನದಿಯ ಜನ, ಆಮೇಲೆ ಮೊಟ್ಟೆ, ಕೊನೆಗೆ ಕಟ್ಟಡ ಎಂಬ ಆ ಕ್ರಮ ಮಾಂಜ್ರಾ ದಂಡೆಗೂ ಸರಿಹೊಂದುತ್ತದೆ. ಬಲೆಗೆ ಸಿಕ್ಕ ಆಮೆಯನ್ನು ಮೊದಲು ಕಾಣುವವರು ಮೀನುಗಾರರು. ಅದನ್ನು ಬಿಡುವುದೋ ಕೊಲ್ಲುವುದೋ ಎಂಬುದು ಆ ಗಳಿಗೆಯಲ್ಲಿ ಅವರ ಕೈಯಲ್ಲೇ ಇರುತ್ತದೆ.

ತೊಟ್ಟಿ, ಮರಳು, ಮೊಟ್ಟೆ

ದಖ್ಖನಿನ ಹವಾಮಾನದಲ್ಲಿ ದೊಡ್ಡ ಆಮೆಗಳಿಗೆ ಬಯಲ ಕೊಳವೇ ತಕ್ಕದ್ದು. ಒಂದು ಕಡೆ ಆಳ, ಇನ್ನೊಂದು ಕಡೆ ಇಳಿಜಾರಾಗಿ ಮೇಲೆ ಬಂದು ದಂಡೆ ಸೇರುವ ನೆಲ, ಅರ್ಧ ನೆರಳು ಇರಬೇಕು. ಬೇಸಿಗೆಯಲ್ಲಿ ಶಾಖ 40 ಡಿಗ್ರಿ ದಾಟುವ ಈ ಭಾಗದಲ್ಲಿ ಆಳವಿಲ್ಲದ ಸಿಮೆಂಟ್ ತೊಟ್ಟಿ ಆಮೆಯನ್ನು ಬೇಯಿಸಿಬಿಡುತ್ತದೆ. ಮೃದುಚಿಪ್ಪಿನ ಆಮೆಗೆ ಹುದುಗಿಕೊಳ್ಳಲು ತಳದಲ್ಲಿ ನುಣುಪಾದ ಮರಳು ಬೇಕು. ಒರಟು ಸಿಮೆಂಟಿಗೆ ಉಜ್ಜಿದ ಚರ್ಮಕ್ಕೆ ಗಾಯವಾಗಿ ಬೂಷ್ಟು ಹಿಡಿಯುತ್ತದೆ. ಇವು ಒಂದನ್ನೊಂದು ಕಚ್ಚುವುದರಿಂದ ಬೆಳೆದವನ್ನು ಬೇರೆಬೇರೆ ಇಟ್ಟು, ಕೂಡುವ ಕಾಲದಲ್ಲಿ ಮಾತ್ರ ಕಣ್ಣಿಟ್ಟು ಜೊತೆಗೆ ಬಿಡುವುದು ಕ್ಷೇಮ.

ಮಾಂಸ ತಿನ್ನುವ ಆಮೆ ನೀರನ್ನು ಬೇಗ ಕೆಡಿಸುತ್ತದೆ. ಉಳಿದ ಆಹಾರ ಮತ್ತು ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ; ನೀರು ತಿಳಿಯಾಗಿ ಕಂಡರೂ ಅದು ವಿಷವೇ. ದಿನವೂ ನೀರು ಬದಲಿಸುವ ಸೌಕರ್ಯ ಬರದ ನಾಡಿನಲ್ಲಿಲ್ಲ. ಜಲ್ಲಿ, ಮರಳು, ಜೊಂಡುಗಳ ಮೂಲಕ ನೀರನ್ನು ಹಾಯಿಸಿ ಮತ್ತೆ ಕೊಳಕ್ಕೆ ತರುವ ಸೋಸುವ ವ್ಯವಸ್ಥೆ, ಹೊರಹಾಕಿದ ನೀರನ್ನು ಹೊಲಕ್ಕೆ ಬಿಡುವ ಕಾಲುವೆ ಇದ್ದರೆ ಮಾತ್ರ ಇಂಥ ಕೇಂದ್ರಕ್ಕೆ ಸ್ಥಳೀಯರ ಒಪ್ಪಿಗೆ ಸಿಗಬಹುದು. ಬಿಸಿಲೂ ಆಹಾರದಷ್ಟೇ ಅಗತ್ಯ. ನೇರಳಾತೀತ ಕಿರಣವಿಲ್ಲದೆ ಮೈಯಲ್ಲಿ ಡಿ ಜೀವಸತ್ವ ಆಗುವುದಿಲ್ಲ, ಅದಿಲ್ಲದೆ ಸುಣ್ಣದ ಅಂಶ ಮೂಳೆಗೆ ಸೇರುವುದಿಲ್ಲ, ಚಿಪ್ಪು ಸೊಟ್ಟಗಾಗುತ್ತದೆ. ಗಾಜಿನ ಹಿಂದಿನಿಂದ ಬರುವ ಬಿಸಿಲು ಇದಕ್ಕೆ ಸಾಲದು, ಗಾಜು ಆ ಕಿರಣಗಳನ್ನು ತಡೆಯುತ್ತದೆ. ಬರೀ ಮಾಂಸದ ತುಂಡು ಕೊಟ್ಟು ಸಾಕಿದ ಆಮೆಗಳಲ್ಲಿ ಎ ಜೀವಸತ್ವದ ಕೊರತೆಯಿಂದ ಕಣ್ಣು ಊದಿಕೊಳ್ಳುತ್ತದೆ. ಮೂಳೆ, ಒಳಾಂಗಗಳ ಸಮೇತ ಇಡೀ ಸಣ್ಣ ಮೀನು, ಬಸವನಹುಳು ಕೊಟ್ಟರೆ ಈ ಎರಡೂ ತೊಂದರೆ ಕಡಿಮೆ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಮೊಟ್ಟೆಯ ವಿಷಯದಲ್ಲಿ. ಆಮೆಯ ಮೊಟ್ಟೆಯನ್ನು ಕೋಳಿಮೊಟ್ಟೆಯ ಹಾಗೆ ಹೊರಳಿಸುವಂತಿಲ್ಲ. ಇಟ್ಟ ಮೊದಲ ದಿನಗಳಲ್ಲೇ ಭ್ರೂಣ ಮೇಲ್ಭಾಗದ ಪೊರೆಗೆ ಅಂಟಿಕೊಳ್ಳುತ್ತದೆ. ಆಮೇಲೆ ತಿರುವಿದರೆ ಅದು ಸಾಯಬಹುದು. ಆದ್ದರಿಂದ ಗೂಡು ತೆರೆಯುವವರು ಪ್ರತಿ ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಅದೇ ಮಗ್ಗುಲಲ್ಲಿ ತಂದು, ಹಸಿ ಮರಳಿನಲ್ಲಿ ಇಡುತ್ತಾರೆ. ಸಾಮಾನ್ಯವಾಗಿ 28ರಿಂದ 30 ಡಿಗ್ರಿಯ ಕಾವು. ಗಟ್ಟಿ ಚಿಪ್ಪಿನ ಅನೇಕ ಆಮೆಗಳಲ್ಲಿ ಮರಿ ಗಂಡೋ ಹೆಣ್ಣೋ ಎಂಬುದನ್ನು ಈ ಶಾಖವೇ ತೀರ್ಮಾನಿಸುತ್ತದೆ: ಬಿಸಿ ಹೆಚ್ಚಿದರೆ ಹೆಣ್ಣು. ಒಂದೇ ಶಾಖದಲ್ಲಿ ವರ್ಷಗಟ್ಟಲೆ ಮರಿ ಮಾಡಿಸಿದ ಕೇಂದ್ರ ಬರೀ ಹೆಣ್ಣುಗಳನ್ನು ನದಿಗೆ ಬಿಟ್ಟಿರಬಹುದು. ಮೃದುಚಿಪ್ಪಿನ ಕುಟುಂಬದಲ್ಲಿ ಪರೀಕ್ಷಿಸಿದ ಜಾತಿಗಳಲ್ಲಿ ಲಿಂಗ ನಿರ್ಧಾರ ವರ್ಣತಂತುಗಳಿಂದಲೇ ಆಗುತ್ತದೆ.

ಲಿಸ್ಸೆಮಿಸ್‌ನಲ್ಲಿ ಇನ್ನೊಂದು ವಿಶೇಷವಿದೆ. ಮೊಟ್ಟೆಯೊಳಗಿನ ಬೆಳವಣಿಗೆ ಕೆಲಕಾಲ ತಡೆದು ನಿಂತು, ತಿಂಗಳುಗಟ್ಟಲೆ ಕಳೆದ ಮೇಲೆ, ಮಳೆಯ ಹೊತ್ತಿಗೆ ಮರಿ ಹೊರಬರುವಂತೆ ಮತ್ತೆ ಸಾಗುತ್ತದೆ. ಇದು ತಿಳಿಯದವರು ಜೀವವಿರುವ ಮೊಟ್ಟೆಯನ್ನೇ ಕೆಟ್ಟಿತೆಂದು ಎಸೆದುಬಿಡುತ್ತಾರೆ.

ಮರಿ ಹೊರಬಂದಾಗ ಹೊಟ್ಟೆಗೆ ಅಂಟಿದ ಹಳದಿ ಚೀಲ ಪೂರ್ತಿ ಒಳಸೇರುವವರೆಗೆ ಅದನ್ನು ಶುಚಿಯಾದ ಹಸಿ ಜಾಗದಲ್ಲಿಟ್ಟು, ಆಮೇಲೆ ತೆಳುವಾದ ನೀರಿಗೆ ಬಿಡಬೇಕು. ಒಂದೆರಡು ವರ್ಷ ಬೆಳೆಸಿ ಬಿಟ್ಟರೆ ಹದ್ದು, ಕೊಕ್ಕರೆ, ದೊಡ್ಡ ಮೀನುಗಳ ಬಾಯಿಗೆ ಸುಲಭವಾಗಿ ಬೀಳುವುದಿಲ್ಲ. ಆದರೆ ಆಮೆಯ ಸಂಖ್ಯೆ ಉಳಿಯುವುದು ಮೊಟ್ಟೆ ಇಡುವ ದೊಡ್ಡ ಹೆಣ್ಣುಗಳಿಂದ. ಅನೇಕ ಜಾತಿಗಳು ಪ್ರಾಯಕ್ಕೆ ಬರಲು ಹತ್ತು ವರ್ಷವೋ ಅದಕ್ಕಿಂತ ಹೆಚ್ಚೋ ಬೇಕು. ಒಂದು ಕಡೆ ಮರಿ ಬಿಡುತ್ತ, ಇನ್ನೊಂದು ಕಡೆ ಬಲೆಯಲ್ಲಿ ದೊಡ್ಡ ಹೆಣ್ಣುಗಳು ಸಾಯುತ್ತಿದ್ದರೆ ಲೆಕ್ಕ ಎಂದಿಗೂ ಸರಿಹೋಗುವುದಿಲ್ಲ.

ತಳಿಯ ವಿಚಾರ

ಉದಗೀರ ಸೀಮೆ ದೇವಣಿ ದನಗಳ ತವರು. ಹೋರಿಯ ಬಣ್ಣ, ಕಿವಿ, ಹಣೆ, ನಡಿಗೆ ನೋಡಿ ಆರಿಸಿ ತಳಿ ಕಾಪಾಡುವ ಜ್ಞಾನ ಇಲ್ಲಿಯ ರೈತರಿಗೆ ತಲೆಮಾರುಗಳಿಂದ ಬಂದಿದೆ. ಆಮೆಯ ವಂಶವೃದ್ಧಿಯಲ್ಲಿ ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧ. ಇಲ್ಲಿ ಚೆಂದದ್ದನ್ನು ಆರಿಸುವಂತಿಲ್ಲ. ನದಿಯಿಂದ ಬಂದ ಪ್ರತಿ ಮೂಲ ಆಮೆಯ ವಂಶವೂ ಸಮನಾಗಿ ಮುಂದುವರಿಯಬೇಕು; ಚುರುಕಾಗಿ ಮರಿ ಕೊಡುವ ಒಂದು ಜೋಡಿಯ ಮಕ್ಕಳೇ ಕೊಳ ತುಂಬಬಾರದು. ಹೆಣ್ಣಾಮೆ ಒಮ್ಮೆ ಕೂಡಿದ ಗಂಡಿನ ವೀರ್ಯವನ್ನು ದೀರ್ಘಕಾಲ ಉಳಿಸಿಕೊಳ್ಳಬಲ್ಲದು, ಒಂದೇ ಗೂಡಿನ ಮರಿಗಳಿಗೆ ಬೇರೆಬೇರೆ ತಂದೆಯರೂ ಇರಬಹುದು. ಆದ್ದರಿಂದ ಜೊತೆಗಿಟ್ಟ ಗಂಡನ್ನೇ ತಂದೆಯೆಂದು ಬರೆದುಕೊಂಡರೆ ವಂಶಾವಳಿ ತಪ್ಪುತ್ತದೆ, ಡಿ.ಎನ್.ಎ. ಪರೀಕ್ಷೆ ಬೇಕಾಗುತ್ತದೆ. ಬಿಳಿ, ಹಳದಿ ಬಣ್ಣದ ವಿಚಿತ್ರ ಮರಿಗಳನ್ನು ಮಾರುಕಟ್ಟೆಗೆಂದು ಬೆಳೆಸುವ ವಿದೇಶಿ ಫಾರಂಗಳ ಕೆಲಸವನ್ನು ಸಂರಕ್ಷಣೆ ಎಂದು ಕರೆಯಲಾಗದು.

ನೀರಿನ ಗಡಿಯ ಮಾತು ಮುಖ್ಯವಾಗುವುದು ಇಲ್ಲೇ. ಮಾಂಜ್ರಾದ ಲೀತ್ ಆಮೆ ಗೋದಾವರಿ ಕೊಳ್ಳದ್ದು. ಬೆಣ್ಣೆತೊರೆ, ಭೀಮೆಯದು ಕೃಷ್ಣಾ ಕೊಳ್ಳದ್ದು. ಕೊಳ್ಳದಿಂದ ಕೊಳ್ಳಕ್ಕೆ ನೀರಾಮೆಗಳ ವಂಶದಲ್ಲಿ ವ್ಯತ್ಯಾಸವಿರುವುದು ಸಾಮಾನ್ಯ. ಉಮರ್ಗಾದಲ್ಲಿ ಸಿಕ್ಕದ್ದನ್ನು ಅನುಕೂಲವೆಂದು ನಿಲಂಗಾದ ನದಿಗೆ ಬಿಡುವುದು, ಎರಡನ್ನೂ ಒಂದೇ ಕೊಳದಲ್ಲಿ ಕೂಡಿಸುವುದು ಪರೀಕ್ಷೆಯಿಲ್ಲದೆ ಆಗಬಾರದು.

ಮಂಜೀರಾದ ಮೊಸಳೆಗಳು

ಇದೇ ನದಿಯಲ್ಲಿ ಇಂಥ ಕೆಲಸ ಒಮ್ಮೆ ಗೆದ್ದಿದೆ. 1975ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಭಾರತದಲ್ಲಿ ಮೊಸಳೆ ಯೋಜನೆ ಆರಂಭವಾಯಿತು. ಹೈದರಾಬಾದಿನ ನೆಹರೂ ಮೃಗಾಲಯದಲ್ಲಿ ಬೆಳೆಸಿದ ಜವುಗು ಮೊಸಳೆಗಳನ್ನು ಮಂಜೀರಾಕ್ಕೆ ಬಿಟ್ಟರು. 1978ರಲ್ಲಿ ಸಿಂಗೂರಿನಿಂದ ಮಂಜೀರಾ ಅಣೆಕಟ್ಟಿನವರೆಗಿನ ಸುಮಾರು 36 ಕಿ.ಮೀ. ಉದ್ದದ ನದಿಭಾಗ ಅಭಯಾರಣ್ಯವಾಯಿತು. ಇಂದಿಗೂ ಅಲ್ಲಿ ಮೊಸಳೆಗಳಿವೆ. ಮರಿ ಬೆಳೆಸುವುದೂ ನದಿಗೆ ಕಾವಲು ಹಾಕುವುದೂ ಒಟ್ಟಿಗೆ ನಡೆದದ್ದು ಅದರ ಯಶಸ್ಸಿಗೆ ಕಾರಣ. ಆಳದ ನೀರು, ಬಂಡೆ, ದ್ವೀಪ, ಬಲೆಗೆ ನಿಷೇಧ ಇವೆಲ್ಲ ಲೀತ್ ಆಮೆಗೂ ಬೇಕಾದವೇ. ಮೇಲಿನ ಮಹಾರಾಷ್ಟ್ರ ಭಾಗದಲ್ಲಿ ಬೇಸಿಗೆಯಲ್ಲೂ ಬತ್ತದ ಕೆಲವು ಮಡುಗಳನ್ನು ಗುರುತಿಸಿ, ಅಲ್ಲಿಯ ಮರಳನ್ನು ಎತ್ತದಂತೆ ಕಾದರೆ ನದಿಯ ಎರಡೂ ತುದಿಗಳಲ್ಲಿ ನೆಲೆ ಸಿಗುತ್ತದೆ.

ಕಾನೂನು

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಸಂರಕ್ಷಿತ ದೇಶೀಯ ಆಮೆಗಳನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಸಾಕುವುದು ಅಪರಾಧ. ಕಾಯಿದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಲಿಸ್ಸೆಮಿಸ್ ಮೊದಲನೆಯ ಅನುಸೂಚಿಯಲ್ಲಿದೆ. ಈ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಮೂರರಿಂದ ಏಳು ವರ್ಷ ಸೆರೆ, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ವಂಶವೃದ್ಧಿ ಕೇಂದ್ರ ನಡೆಸಲು ಅರಣ್ಯ ಇಲಾಖೆಯ, ಕೇಂದ್ರೀಯ ಮೃಗಾಲಯ ಪ್ರಾಧಿಕಾರದ ಅನುಮತಿ ಬೇಕು. ಖಾಸಗಿಯವರು ಎಷ್ಟೇ ಆಸಕ್ತಿಯಿಂದ ಮಾಡಿದರೂ ಅನುಮತಿಯಿಲ್ಲದ ಸಾಕಣೆ ಕಳ್ಳಸಾಗಣೆಗೆ ಮರೆಯಾಗುತ್ತದೆ.

ಅಂಗಡಿಗಳಲ್ಲಿ ಸಿಗುವ ಕೆಂಪು ಕಿವಿಯ ಸ್ಲೈಡರ್ ಅಮೆರಿಕದ ಜಾತಿ. ಬೆಳೆದು ದೊಡ್ಡದಾದ ಮೇಲೆ ಬೇಸರಗೊಂಡವರು ಅದನ್ನು ಕೆರೆಗೆ ಬಿಡುತ್ತಾರೆ. ಕೇರಳದ ತ್ರಿಶೂರಿನ ಕಾಲುವೆಯಲ್ಲಿ 2018ರಲ್ಲಿ ಅದು ಕಂಡುಬಂದಿತು. ದೇಶೀ ಆಮೆಗಳ ಆಹಾರ, ಬಿಸಿಲು ಕಾಯುವ ಜಾಗಗಳನ್ನು ಅದು ಕಸಿದುಕೊಳ್ಳುತ್ತದೆ, ರೋಗವನ್ನೂ ತರಬಲ್ಲದು. ಪುಟ್ಟ ಆಮೆಗಳಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ಸೋಂಕು ತಗಲುತ್ತಿದ್ದುದರಿಂದ ಅಮೆರಿಕದಲ್ಲೇ 1975ರಿಂದ ನಾಲ್ಕು ಅಂಗುಲಕ್ಕಿಂತ ಸಣ್ಣ ಆಮೆಗಳ ಮಾರಾಟಕ್ಕೆ ನಿಷೇಧವಿದೆ.

ಬಾವಿ ಒಣಗಿಸುವಾಗ, ಕಾಲುವೆ ಕೆಲಸದಲ್ಲಿ, ಬಲೆಯಲ್ಲಿ ಆಮೆ ಸಿಕ್ಕರೆ ಅದನ್ನು ಒದ್ದೆ ಗೋಣಿಚೀಲ ಹೊದಿಸಿ ನೆರಳಿನಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಬೇಕು. ಮಹಾರಾಷ್ಟ್ರದಲ್ಲಿ ಇಲಾಖೆಯ ಸಹಾಯವಾಣಿ 1926. ಮೃದುಚಿಪ್ಪಿನ ಆಮೆಯ ಕತ್ತು ಉದ್ದ, ಕಚ್ಚು ಬಲವಾದದ್ದು. ಹಿಡಿಯುವಾಗ ಚಿಪ್ಪಿನ ಹಿಂಭಾಗವನ್ನೇ ಹಿಡಿಯಬೇಕು. ಎಲ್ಲಿ, ಯಾವ ಹೊಳೆಯಲ್ಲಿ, ಯಾವ ದಿನ ಸಿಕ್ಕಿತೆಂಬುದನ್ನು ಬರೆದು ಕೊಡಬೇಕು. ಹೊಳೆಯ ಹೆಸರಿಲ್ಲದ ಆಮೆಯನ್ನು ಯಾವ ನೀರಿಗೆ ಬಿಡಬೇಕೆಂದು ಯಾರೂ ಹೇಳಲಾರರು.